ಜಾತಿ ಕೇಳಿದ ಮೇಲೆ ‘ಮನೆ ಇಲ್ಲ’ ಅಂದರು: ಕಾನೂನು ಎಲ್ಲಿಯವರೆಗೆ ಬರುತ್ತದೆ?

ಪ್ರಶ್ನೆ: ನಾನು ಮೈಸೂರಿನಲ್ಲಿ ಬ್ಯಾಂಕ್ ನೌಕರ, ಪರಿಶಿಷ್ಟ ಜಾತಿಯವನು. ಹೆಂಡತಿ ನರ್ಸ್, ಒಬ್ಬಳು ಮಗಳು. ಕಳೆದ ತಿಂಗಳು ಬ್ರೋಕರ್ ಮೂಲಕ ಒಂದು ಮಹಡಿ ಮನೆ ನೋಡಿದೆವು. ಬಾಡಿಗೆ 14,000, ಅಡ್ವಾನ್ಸ್ ಒಂದು ಲಕ್ಷ. ಓನರ್ ಕೆಳಗಿನ ಮನೆಯಲ್ಲೇ ಇದ್ದಾರೆ. ಮಾತುಕತೆ ಮುಗಿದು 10,000 ರೂಪಾಯಿ ಟೋಕನ್ ಯುಪಿಐ ಮಾಡಿದೆ. ಎರಡು ದಿನ ಬಿಟ್ಟು ಫೋನ್ ಮಾಡಿ ‘ನಿಮ್ ಮನೆದೇವ್ರು ಯಾವ್ದು, ನೀವು ಯಾವ ಪೈಕಿ’ ಅಂತ ಕೇಳಿದರು. ಮುಚ್ಚಿಡದೆ ಹೇಳಿದೆ. ಮಾರನೇ ದಿನ ‘ಮಗಳು ಅಳಿಯ ಬರ್ತಿದ್ದಾರೆ, ಮನೆ ಕೊಡೋಕಾಗಲ್ಲ, ಬೇಜಾರು ಮಾಡ್ಕೋಬೇಡಿ’ ಎಂದು ವಾಟ್ಸಾಪ್ ಬಂತು. ಹತ್ತು ದಿನವಾದರೂ ಟು-ಲೆಟ್ ಬೋರ್ಡ್ ನೇತಾಡುತ್ತಿದೆ. ಟೋಕನ್ನೂ ಬಂದಿಲ್ಲ. ‘ಅವರ ಮನೆ, ಅವರ ಇಷ್ಟ, ಕೇಸು ನಿಲ್ಲಲ್ಲ’ ಅನ್ನುತ್ತಾರೆ ಕೆಲವರು. ‘ಅಟ್ರಾಸಿಟಿ ಹಾಕು’ ಅನ್ನುತ್ತಾರೆ ಇನ್ನು ಕೆಲವರು. ಮುಂದಿನ ಮನೆಗೆ ಜಾತಿ ಸುಳ್ಳು ಹೇಳು ಅನ್ನುವವರೂ ಇದ್ದಾರೆ. ನನ್ನ ಮುಸ್ಲಿಂ ಸಹೋದ್ಯೋಗಿಗೂ ಇದೇ ಅನುಭವ ಆಗಿದೆ. ನಮ್ಮಿಬ್ಬರಿಗೂ ಒಂದೇ ಕಾನೂನಾ?

ಉತ್ತರ: ಮೊದಲು ದುಡ್ಡಿನ ವಿಷಯ ಮುಗಿಸೋಣ, ಅದು ಸುಲಭದ್ದು. ಮನೆ ಕೊಡುವುದಿಲ್ಲ ಎಂದು ಹಿಂದೆ ಸರಿದವರು ಓನರ್, ನೀವಲ್ಲ. ಆದ್ದರಿಂದ 10,000ವೂ ಪೂರ್ತಿ ವಾಪಸ್ ಬರಬೇಕು. ಬ್ರೋಕರ್‌ಗೆ ಕಮಿಷನ್ ಅಂತ ಏನಾದರೂ ಕೊಟ್ಟಿದ್ದರೆ ಅದನ್ನೂ ಕೇಳಿ. ಫೋನಿನಲ್ಲಿ ಕೇಳಬೇಡಿ, ವಾಟ್ಸಾಪಿನಲ್ಲಿ ಬರೆಯಿರಿ: ‘ಇಂಥ ದಿನಾಂಕದಂದು ನಿಮ್ಮ ಮಹಡಿ ಮನೆಗೆ ಟೋಕನ್ ಎಂದು 10,000 ರೂಪಾಯಿ ಕಳಿಸಿದ್ದೆ. ಮಗಳು, ಅಳಿಯ ಬರುತ್ತಿರುವ ಕಾರಣ ಮನೆ ಕೊಡಲಾಗದು ಎಂದು ಇಂಥ ದಿನ ತಿಳಿಸಿದ್ದೀರಿ. 7 ದಿನದೊಳಗೆ ಅದೇ ಖಾತೆಗೆ ಪೂರ್ತಿ ಹಣ ಹಾಕಿ.’ ಇಷ್ಟೇ ಸಾಕು. ಜಾತಿ, ಕೋಪ, ಕೇಸಿನ ಮಾತು ಯಾವುದೂ ಬೇಡ. ಈ ಸಂದೇಶದಿಂದ ಎರಡು ಕೆಲಸ ಆಗುತ್ತದೆ. ಹಣ ಕೇಳಿದ್ದಕ್ಕೆ ದಾಖಲೆ ಉಳಿಯುತ್ತದೆ, ಅವರು ಕೊಟ್ಟ ಕಾರಣವೂ ಇನ್ನೊಮ್ಮೆ ಬರಹಕ್ಕೆ ಇಳಿಯುತ್ತದೆ. ‘ಹೌದು, ಮಗಳು ಬರ್ತಿದ್ದಾಳೆ’ ಎಂದು ಅವರು ಉತ್ತರಿಸಿದರೆ, ಬೋರ್ಡು ಇಳಿಯದ ಪ್ರತಿ ದಿನವೂ ಆ ಕಾರಣ ಸುಳ್ಳು ಎಂಬುದಕ್ಕೆ ಸಾಕ್ಷಿಯಾಗುತ್ತದೆ.

ಇಲ್ಲಿ ಜನ ಎಡವುವುದು ಒಂದು ಕಡೆ. ಬ್ರೋಕರ್ ಬಂದು ನಗದು ಕೊಟ್ಟು, ‘ನಮ್ಮಿಬ್ಬರಲ್ಲಿ ಯಾವುದೇ ತಕರಾರಿಲ್ಲ’ ಎಂಬ ಚೀಟಿಗೆ ಸಹಿ ಹಾಕಿಸಿಕೊಳ್ಳುತ್ತಾನೆ. ಸಹಿ ಹಾಕಬೇಡಿ, ಹಣ ಖಾತೆಗೇ ಬರಲಿ. 7 ದಿನದಲ್ಲಿ ಬಾರದಿದ್ದರೆ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ನೆರವು ಉಚಿತ. ಬ್ಯಾಂಕ್ ಸಂಬಳ ಇದೆ ಎಂದು ಹಿಂಜರಿಯಬೇಕಿಲ್ಲ. ದೂರವಾಣಿ 15100. ದಾವೆ ಹೂಡುವ ಮೊದಲೇ ಓನರ್‌ಗೆ ನೋಟಿಸ್ ಕಳಿಸಿ ಕರೆಸುತ್ತಾರೆ. ಹತ್ತು ಸಾವಿರಕ್ಕಾಗಿ ಪ್ರಾಧಿಕಾರದ ಮುಂದೆ ಬಂದು ಕೂರಲು ಯಾರೂ ಇಷ್ಟಪಡುವುದಿಲ್ಲ.

ಇನ್ನು ‘ಅವರ ಮನೆ, ಅವರ ಇಷ್ಟ’ ಎಂಬ ಮಾತು. ಅದು ಅರ್ಧ ನಿಜ. ಮನೆ ಬಾಡಿಗೆಯಲ್ಲಿ ಭೇದ ಮಾಡಬಾರದು ಎನ್ನುವ ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿಲ್ಲ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಹೆಸರಿಸುತ್ತದೆ. ಆ ಪಟ್ಟಿಯಲ್ಲಿ ಬಾಡಿಗೆ ಮನೆ ಇಲ್ಲ. ಒಂದು ಪಾರ್ಸಿ ಗೃಹ ನಿರ್ಮಾಣ ಸಹಕಾರ ಸಂಘ ತನ್ನ ಸದಸ್ಯತ್ವವನ್ನು ಪಾರ್ಸಿಗಳಿಗೇ ಸೀಮಿತಗೊಳಿಸಿದ್ದನ್ನು ಸುಪ್ರೀಂ ಕೋರ್ಟ್ 2005ರಲ್ಲಿ ಎತ್ತಿಹಿಡಿಯಿತು. ಬ್ರಹ್ಮಚಾರಿಗಳಿಗೆ ಕೊಡುವುದಿಲ್ಲ, ಮಾಂಸ ಬೇಯಿಸಬಾರದು, ನಾಯಿ ಸಾಕಬಾರದು ಎಂಬ ಷರತ್ತುಗಳನ್ನು ಅಪರಾಧ ಎನ್ನುವ ಕಾನೂನೂ ಇಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ, 1999 ನಿಮ್ಮ ನೆರವಿಗೆ ಬರುವುದಿಲ್ಲ. ಅದು ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಮನೆಗಳನ್ನು ಮುಟ್ಟುವುದೇ ಇಲ್ಲ.

ಆದರೆ ಆ ಮಾತಿನ ಇನ್ನರ್ಧ ಸುಳ್ಳು. ‘ಇಷ್ಟ’ ಎನ್ನುವುದರೊಳಗೆ ಅಸ್ಪೃಶ್ಯತೆ ಸೇರಿದ ಕ್ಷಣ ಅದು ಅಪರಾಧ. ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿ ಸರ್ಕಾರವನ್ನಷ್ಟೇ ಅಲ್ಲ, ಖಾಸಗಿ ವ್ಯಕ್ತಿಯನ್ನೂ ಕಟ್ಟಿಹಾಕುತ್ತದೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ನಿಮ್ಮ ಪ್ರಕರಣಕ್ಕೆ ನೇರವಾಗಿ ಹೊಂದುವುದು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1955. ಠಾಣೆ ಭಾಷೆಯಲ್ಲಿ ಪಿಸಿಆರ್. ಅದರ 4ನೇ ಕಲಂನ ಎಂಟನೇ ಉಪಖಂಡವನ್ನು ತೆಗೆದು ನೋಡಿ. ಯಾವುದೇ ಪ್ರದೇಶದಲ್ಲಿ ಯಾವುದೇ ವಾಸದ ಮನೆಯನ್ನು ಕಟ್ಟಲು, ಪಡೆಯಲು ಅಥವಾ ಅದರಲ್ಲಿ ವಾಸಿಸಲು ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿಪಡಿಸಿದರೆ ಕನಿಷ್ಠ ಒಂದು ತಿಂಗಳು, ಗರಿಷ್ಠ ಆರು ತಿಂಗಳು ಜೈಲು, ಜತೆಗೆ 100ರಿಂದ 500 ರೂಪಾಯಿ ದಂಡ. ದಂಡದ ಮೊತ್ತ 1976ರ ತಿದ್ದುಪಡಿಯಲ್ಲಿ ನಿಂತದ್ದು ಅಲ್ಲೇ ನಿಂತಿದೆ. ನಿಮ್ಮ ಓನರ್ ಇಟ್ಟುಕೊಂಡಿರುವ ಟೋಕನ್ನು ಅದರ ಇಪ್ಪತ್ತು ಪಟ್ಟು.

ಇದಕ್ಕಿಂತ ಮುಖ್ಯವಾದದ್ದು ಅದೇ ಕಾಯ್ದೆಯ 12ನೇ ಕಲಂ. ವಕೀಲರಲ್ಲೂ ಅನೇಕರು ಅದನ್ನು ಬಳಸುವುದಿಲ್ಲ. ಇಂಥ ಕೃತ್ಯ ಪರಿಶಿಷ್ಟ ಜಾತಿಯ ವ್ಯಕ್ತಿಯ ವಿಷಯದಲ್ಲಿ ನಡೆದಿದ್ದರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆಯಿತು ಎಂದು ನ್ಯಾಯಾಲಯ ಭಾವಿಸಿಕೊಳ್ಳಬೇಕು, ಅಲ್ಲವೆಂದು ತೋರಿಸುವ ಹೊರೆ ಆರೋಪಿಯದು. ಅಂದರೆ ಓನರ್ ಮನಸ್ಸಿನಲ್ಲಿ ಏನಿತ್ತು ಎಂದು ನೀವು ಬಗೆದು ತೋರಿಸಬೇಕಿಲ್ಲ. ಮನೆ ಖಾಲಿ ಇತ್ತು, ಒಪ್ಪಿಗೆಯಾಗಿತ್ತು, ಜಾತಿ ತಿಳಿದ ಮೇಲೆ ನಿರಾಕರಣೆ ಬಂತು, ಮನೆ ಈಗಲೂ ಖಾಲಿ ಇದೆ: ಈ ನಾಲ್ಕನ್ನು ನೀವು ತೋರಿಸಬೇಕು. ಮಗಳು, ಅಳಿಯ ಎಲ್ಲಿ ಎಂದು ತೋರಿಸಬೇಕಾದವರು ಅವರು.

ಒಂದು ಹೋಲಿಕೆ ಹೇಳಿ ಮುಂದೆ ಹೋಗುತ್ತೇನೆ. ಅಮೆರಿಕದ 1968ರ ನ್ಯಾಯಯುತ ವಸತಿ ಕಾಯ್ದೆ ಜಗತ್ತಿಗೇ ಮಾದರಿ ಎನ್ನುತ್ತಾರೆ. ಅದರಲ್ಲೂ, ನಾಲ್ಕು ಮನೆಗಳವರೆಗಿನ ಕಟ್ಟಡದಲ್ಲಿ ಮಾಲೀಕ ತಾನೇ ವಾಸವಿದ್ದರೆ ಬಹುಪಾಲು ವಿನಾಯಿತಿ ಇದೆ. ನಿಮ್ಮ ಓನರ್‌ನಂಥವರು ಅಲ್ಲಿ ಆ ಕಾಯ್ದೆಯಿಂದ ಬಹುಮಟ್ಟಿಗೆ ಪಾರಾಗುತ್ತಿದ್ದರು. ನಮ್ಮ 1955ರ ಕಾಯ್ದೆಯಲ್ಲಿ ಅಂಥ ವಿನಾಯಿತಿ ಇಲ್ಲ. ಆದರೆ ಅಲ್ಲಿ ನೊಂದವರಿಗೆ ಪರಿಹಾರದ ಹಣ ಸಿಗುತ್ತದೆ, ಮನೆಯನ್ನೇ ಕೊಡಿಸುವ ಆದೇಶವೂ ಸಿಗಬಹುದು. ನಮ್ಮ ಕಾಯ್ದೆಗೆ ಗೊತ್ತಿರುವುದು ಜೈಲು ಮತ್ತು ದಂಡ ಮಾತ್ರ. ಕೇಸು ಗೆದ್ದರೂ ಆ ಮಹಡಿ ಮನೆಯ ಕೀಲಿ ನಿಮ್ಮ ಕೈಗೆ ಬರುವುದಿಲ್ಲ. ದೂರು ಕೊಡುವ ಮುಂಚೆ ಇದು ನಿಮಗೂ ಮನೆಯವರಿಗೂ ಸ್ಪಷ್ಟವಿರಲಿ.

‘ಅಟ್ರಾಸಿಟಿ ಹಾಕು’ ಎನ್ನುವವರು ಹೇಳುವುದು 1989ರ ದೌರ್ಜನ್ಯ ತಡೆ ಕಾಯ್ದೆ. ಜಾತಿ ಹೆಸರಿಡಿದು ಬೈದರೆ, ಅವಮಾನಿಸಿದರೆ ಅನ್ವಯಿಸುವ ಕಲಂಗಳಿಗೆ ಅದು ಸಾರ್ವಜನಿಕರ ಕಣ್ಣೆದುರು ನಡೆದಿರಬೇಕು ಎಂಬ ಷರತ್ತಿದೆ. ನಾಲ್ಕು ಗೋಡೆಯೊಳಗೆ, ಹೊರಗಿನವರಾರೂ ಇಲ್ಲದಾಗ ಆಡಿದ ಮಾತಿಗೆ ಅದು ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ನಿಮ್ಮ ವಿಷಯದಲ್ಲಿ ಬೈಗುಳವೇ ಇಲ್ಲ, ನಯವಾದ ವಾಟ್ಸಾಪ್ ಅಷ್ಟೇ. ಬೈದರು ಎಂದು ಸೇರಿಸಿ ಬರೆದರೆ ಇಡೀ ದೂರು ಅಲ್ಲೇ ಬೀಳುತ್ತದೆ, ನಿಜವಿದ್ದ ಭಾಗವನ್ನೂ ಎಳೆದುಕೊಂಡು. ಠಾಣೆ ಹೊರಗೆ ದೂರು ಬರೆದುಕೊಡುವವರು ಇದನ್ನು ರೂಢಿಯಂತೆ ಸೇರಿಸಿಬಿಡುತ್ತಾರೆ, ಎಚ್ಚರ.

ಅದೇ ಕಾಯ್ದೆಗೆ 2016ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬಹಿಷ್ಕಾರದ ಕಲಂ ಇದೆ. ಆರ್ಥಿಕ ಬಹಿಷ್ಕಾರ ಎಂದರೆ ವ್ಯವಹಾರ ಮಾಡಲು ಒಪ್ಪದಿರುವುದು, ಎಲ್ಲರಿಗೂ ಸಾಮಾನ್ಯವಾಗಿ ಕೊಡುವ ಷರತ್ತಿನಲ್ಲಿ ಕೊಡದಿರುವುದು ಎಂದು ಅದು ವಿವರಿಸುತ್ತದೆ. ಇದಕ್ಕೆ ಸಾರ್ವಜನಿಕರ ಕಣ್ಣೆದುರು ಎಂಬ ಷರತ್ತಿಲ್ಲ. ಶಿಕ್ಷೆ ಆರು ತಿಂಗಳಿನಿಂದ ಐದು ವರ್ಷ. ಬಾಡಿಗೆ ನಿರಾಕರಣೆ ಇದರೊಳಗೆ ಬರುತ್ತದೆ ಎಂದು ವಾದಿಸಬಹುದು. ಒಬ್ಬ ಓನರ್ ಒಮ್ಮೆ ಇಲ್ಲ ಅಂದದ್ದು ಬಹಿಷ್ಕಾರವೇ ಎಂಬ ಎದುರುವಾದವೂ ಗಟ್ಟಿಯಾಗಿಯೇ ಬರುತ್ತದೆ. ಆ ಬೀದಿಯ ಮೂರು ನಾಲ್ಕು ಓನರ್‌ಗಳು ಸೇರಿ ‘ಆ ಜನಕ್ಕೆ ಬೇಡ’ ಎಂದು ಬ್ರೋಕರ್‌ಗೆ ಹೇಳಿಟ್ಟಿದ್ದರೆ ಈ ಕಲಂಗೆ ಬಲ ಬರುತ್ತದೆ. ಓನರ್ ಕೂಡ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ 1989ರ ಕಾಯ್ದೆ ಅವರಿಗೆ ಅನ್ವಯಿಸುವುದಿಲ್ಲ. 1955ರ ಕಾಯ್ದೆಯಲ್ಲಿ ಆ ಮಿತಿ ಇಲ್ಲ.

ನಿಮ್ಮ ಸಹೋದ್ಯೋಗಿಯ ವಿಷಯದಲ್ಲಿ ಉತ್ತರ ಕಹಿ. ಈ ಎರಡು ಕಾಯ್ದೆಗಳೂ ಅವರಿಗೆ ಸಿಗುವುದಿಲ್ಲ. ಅಸ್ಪೃಶ್ಯತೆ ಎಂದರೆ ಚರಿತ್ರೆಯಲ್ಲಿ ಬೆಳೆದುಬಂದ ಆ ಆಚರಣೆಯೇ ಹೊರತು ಎಲ್ಲ ಬಗೆಯ ದೂರ ಇಡುವಿಕೆಯಲ್ಲ ಎಂಬ ವ್ಯಾಖ್ಯಾನವನ್ನು ಕೊಟ್ಟದ್ದು 1950ರ ದಶಕದ ನಮ್ಮದೇ ಮೈಸೂರು ಹೈಕೋರ್ಟ್. ಮುಸ್ಲಿಮರಿಗೆ ಮನೆ ಸಿಗದಿರುವುದನ್ನು, ಅವರ ಸ್ಥಿತಿಗತಿ ತಿಳಿಯಲು ಕೇಂದ್ರ ಸರ್ಕಾರ ನೇಮಿಸಿದ್ದ ಸಾಚಾರ್ ಸಮಿತಿ 2006ರಲ್ಲೇ ದಾಖಲಿಸಿತು. ಆಮೇಲೂ ಕಾನೂನು ಬರಲಿಲ್ಲ. ಟೋಕನ್ ವಾಪಸ್ ಪಡೆಯುವ ದಾರಿ ಅವರಿಗೂ ಇದೆ. ನಿರಾಕರಣೆಯನ್ನೇ ಪ್ರಶ್ನಿಸುವ ದಾರಿ ಸದ್ಯಕ್ಕಿಲ್ಲ. ಕ್ರೈಸ್ತರಾಗಿ ಮತಾಂತರವಾದ ದಲಿತರು ಪರಿಶಿಷ್ಟ ಜಾತಿ ಪಟ್ಟಿಯಿಂದ ಹೊರಗಿರುವುದರಿಂದ 1989ರ ಕಾಯ್ದೆಯೂ 12ನೇ ಕಲಂನ ನೆರವೂ ಅವರಿಗೆ ಸಿಗುವುದಿಲ್ಲ. ಬೌದ್ಧರಾದವರಿಗೆ ಸಿಗುತ್ತದೆ, 1990ರಿಂದ ಅವರೂ ಪರಿಶಿಷ್ಟ ಜಾತಿ ಪಟ್ಟಿಯ ವ್ಯಾಪ್ತಿಯಲ್ಲಿದ್ದಾರೆ.

ಇಷ್ಟು ಹಳೆಯ ಕಾಯ್ದೆ ಇದ್ದೂ ನಗರದಲ್ಲಿ ಇದು ಇಷ್ಟು ಸಲೀಸಾಗಿ ನಡೆಯುವುದು ಏಕೆ? ನಮ್ಮ ಬಾಡಿಗೆ ಮನೆಯ ರಚನೆಯೇ ಅದಕ್ಕೆ ಅನುಕೂಲವಾಗಿದೆ. ಕೆಳಗೆ ಓನರ್, ಮೇಲೆ ಬಾಡಿಗೆದಾರ. ಒಂದೇ ಗೇಟು, ಒಂದೇ ಸಂಪು, ಒಂದೇ ಮೋಟಾರು ಸ್ವಿಚ್ಚು, ಮಹಡಿ ಮೆಟ್ಟಿಲು ಅವರ ಅಡುಗೆಮನೆ ಕಿಟಕಿ ಪಕ್ಕದಲ್ಲೇ. ಅವರ ಲೆಕ್ಕದಲ್ಲಿ ಇದು ಮನೆಯೊಳಗೆ ಬಿಟ್ಟುಕೊಳ್ಳುವ ವಿಚಾರ, ವ್ಯವಹಾರವಲ್ಲ. ಊರು–ಕೇರಿಯ ಅಂತರ ಇಲ್ಲಿ ಮೆಟ್ಟಿಲಿನ ಮೇಲೆ ಬಂದು ನಿಲ್ಲುತ್ತದೆ. ಎರಡನೆಯದು ಬ್ರೋಕರ್. ಓನರ್ ಬಾಯಲ್ಲಿ ಜಾತಿಯ ಹೆಸರು ಬರುವುದೇ ಇಲ್ಲ. ‘ಪ್ಯೂರ್ ವೆಜ್’, ‘ಡೀಸೆಂಟ್ ಫ್ಯಾಮಿಲಿ’, ‘ನಮ್ಮ ಕಡೆಯೋರು’ ಎಂಬ ಮಾತು ಬ್ರೋಕರ್‌ಗೆ ಸಾಕು. ಜರಡಿ ಹಿಡಿಯುವ ಕೆಲಸ ಅವನದು. ನಿಮಗೆ ತೋರಿಸದೇ ಬಿಟ್ಟ ಮನೆಗಳ ಲೆಕ್ಕ ನಿಮಗೆ ಎಂದೂ ಸಿಗುವುದಿಲ್ಲ. ಮೂರನೆಯದು, ಎಲ್ಲವೂ ಬಾಯಿಮಾತು. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ, ಅದಕ್ಕೇ 11 ತಿಂಗಳ ಕರಾರು. ಅದೂ ಕೀಲಿ ಕೊಡುವ ದಿನವೇ ಕೈಗೆ ಬರುತ್ತದೆ. ಅದಕ್ಕೆ ಮೊದಲು ನಡೆದದ್ದಕ್ಕೆ ಕಾಗದವೇ ಇರುವುದಿಲ್ಲ.

ಹಾಗಾಗಿ ಕಾಗದ ಹುಟ್ಟಿಸುವ ಕೆಲಸ ನಿಮ್ಮದೇ. ಬೋರ್ಡಿನ ಫೋಟೊ ತೆಗೆಯಿರಿ. ಮನೆ ಸಂಖ್ಯೆ ಅಥವಾ ಗೇಟು ಅದೇ ಚಿತ್ರದಲ್ಲಿ ಕಾಣಲಿ, ಎರಡು ಮೂರು ದಿನಕ್ಕೊಮ್ಮೆ ಮತ್ತೆ ತೆಗೆಯಿರಿ. ಆಮೇಲೆ ಬೇರೆ ಸಮುದಾಯದ ಒಬ್ಬ ಗೆಳೆಯನಿಂದ ಬೋರ್ಡಿನ ನಂಬರಿಗೆ ಫೋನ್ ಮಾಡಿಸಿ. ಗೆಳೆಯ ನಿಮ್ಮಂತೆಯೇ ಸಂಸಾರಸ್ಥನಾಗಿರಲಿ, ನಿಮ್ಮಷ್ಟೇ ಸಂಬಳದವನಾಗಿರಲಿ. ಹೆಸರು, ಕೆಲಸ ನಿಜವನ್ನೇ ಹೇಳಲಿ. ಕೇಳಬೇಕಾದ್ದು ಮೂರೇ: ಮನೆ ಖಾಲಿ ಇದೆಯಾ, ಬಾಡಿಗೆ ಎಷ್ಟು, ಯಾವಾಗ ನೋಡಬಹುದು. ಜಾತಿಯ ಮಾತನ್ನು ಅವನಾಗಿ ತೆಗೆಯಬಾರದು. ಅವರು ಕೇಳಿದರೆ ಏನು ಕೇಳಿದರು ಎಂದು ಅದೇ ಪದಗಳಲ್ಲಿ ಬರೆದುಕೊಳ್ಳಲಿ. ಫೋನ್ ಇಟ್ಟ ತಕ್ಷಣ ದಿನಾಂಕ, ಸಮಯ, ಮಾತು ಬರೆದು ಸಹಿ ಹಾಕಲಿ. ನೀವೂ ನಿಮ್ಮ ಹಳೆಯ ಕರೆಗಳ ಟಿಪ್ಪಣಿಯನ್ನು ಬೇರೆಯಾಗಿ ಬರೆಯಿರಿ. ಇಬ್ಬರೂ ಕೂತು ಒಂದೇ ಹೇಳಿಕೆ ಬರೆದರೆ ಪಾಟೀಸವಾಲಿನಲ್ಲಿ ಇಬ್ಬರೂ ಸಿಕ್ಕಿಬೀಳುತ್ತೀರಿ. ಅಮೆರಿಕದಲ್ಲಿ ವಸತಿ ಭೇದದ ಪ್ರಕರಣಗಳ ಬೆನ್ನೆಲುಬೇ ಇಂಥ ಜೋಡಿ ಪರೀಕ್ಷೆ. ಪರೀಕ್ಷೆಗೆ ಹೋದವರೇ ದಾವೆ ಹೂಡಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿತು. ನಮ್ಮಲ್ಲಿ ಆ ಗೆಳೆಯ ಬರೀ ಸಾಕ್ಷಿ. ಆದ್ದರಿಂದ ಮುಂದೆ ಕೋರ್ಟಿಗೆ ಬರಲು ಒಪ್ಪುವವನನ್ನೇ ಆರಿಸಿ.

ವಾಟ್ಸಾಪ್ ಸಂದೇಶ ಅಳಿಸಬೇಡಿ, ಫೋನ್ ರೀಸೆಟ್ ಮಾಡಬೇಡಿ, ಬದಲಿಸಲೂ ಬೇಡಿ. ಸ್ಕ್ರೀನ್‌ಶಾಟ್ ಪ್ರಿಂಟು ಒಂದೇ ನಡೆಯುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಹ್ಯಾಶ್ ಮೌಲ್ಯ (ಫೈಲು ತಿದ್ದಿಲ್ಲ ಎಂದು ತೋರಿಸುವ ಗುರುತಿನ ಸಂಕೇತ) ನಮೂದಿಸಿದ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ನೀವು, ಇನ್ನೊಂದಕ್ಕೆ ತಜ್ಞರು ಸಹಿ ಮಾಡಬೇಕು. ಇದನ್ನು ವಕೀಲರು ಮಾಡಿಸುತ್ತಾರೆ, ಮೂಲ ಫೋನ್ ಮಾತ್ರ ನಿಮ್ಮ ಹತ್ತಿರ ಇರಬೇಕು.

ದೂರು ಕೊಡುವುದೇ ಆದರೆ ಆ ಮನೆ ಇರುವ ಜಾಗದ ಠಾಣೆಗೆ ಹೋಗಿ. ಇಂಥ ದೂರುಗಳನ್ನು ನೋಡುವ ಪೊಲೀಸ್ ಘಟಕವಾದ ನಾಗರಿಕ ಹಕ್ಕುಗಳ ಜಾರಿ ನಿರ್ದೇಶನಾಲಯಕ್ಕೂ ಒಂದು ಪ್ರತಿ ಕೊಡಿ, ಮೈಸೂರಿನಲ್ಲೇ ಅದರ ಘಟಕ ಇದೆ. ದೌರ್ಜನ್ಯ ಸಹಾಯವಾಣಿ 14566. ಒಂದೂವರೆ ಪುಟ ಸಾಕು, ತಾರೀಖಿನ ಕ್ರಮದಲ್ಲಿ ಬರೆಯಿರಿ: ಮನೆ ನೋಡಿದ್ದು, ಟೋಕನ್, ಜಾತಿ ಕೇಳಿದ ಕರೆ, ನಿರಾಕರಣೆ, ಬೋರ್ಡು, ಗೆಳೆಯನ ಕರೆ. ತಹಶೀಲ್ದಾರ್ ಕೊಟ್ಟ ಜಾತಿ ಪ್ರಮಾಣಪತ್ರದ ಪ್ರತಿ ಲಗತ್ತಿಸಿ. 1955ರ ಕಾಯ್ದೆಯ 4(8) ಮತ್ತು 12ನೇ ಕಲಂಗಳನ್ನು ಹೆಸರಿಸಿ. ಬಹಿಷ್ಕಾರದ ಕಲಂ ಸೇರಿಸಬೇಕೇ ಬೇಡವೇ ಎಂಬುದನ್ನು ಪ್ರಾಧಿಕಾರದ ವಕೀಲರ ಜತೆ ಕೂತು ತೀರ್ಮಾನಿಸಿ. ಠಾಣೆಯಲ್ಲಿ ಬಹುಮಟ್ಟಿಗೆ ‘ಇದು ಸಿವಿಲ್ ಸ್ವರೂಪದ್ದು’ ಎಂದು ಹಿಂಬರಹ ಕೊಟ್ಟು ಕಳಿಸಲು ನೋಡುತ್ತಾರೆ. 1955ರ ಕಾಯ್ದೆಯ ಎಲ್ಲ ಅಪರಾಧಗಳೂ ಸಂಜ್ಞೇಯ, ಎಫ್‌ಐಆರ್ ಮಾಡಲೇಬೇಕಾದವು. ಹಿಂಬರಹ ಕೊಟ್ಟರೆ ಬೇಡ ಎನ್ನದೆ ತೆಗೆದುಕೊಳ್ಳಿ, ಮುಂದಿನ ಮೆಟ್ಟಿಲಿಗೆ ಅದೇ ಆಧಾರ. ನಗರವಾದರೆ ಪೊಲೀಸ್ ಕಮಿಷನರ್‌ಗೆ, ಹೊರಗಾದರೆ ಎಸ್‌ಪಿಗೆ ನೋಂದಾಯಿತ ಅಂಚೆಯಲ್ಲಿ ದೂರು ಕಳಿಸಿ. ಅಲ್ಲೂ ಆಗದಿದ್ದರೆ ಅಫಿಡವಿಟ್‌ನೊಂದಿಗೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ.

ಗಡುವು ಮರೆಯಬೇಡಿ. ಗರಿಷ್ಠ ಶಿಕ್ಷೆ ಆರು ತಿಂಗಳಾದ್ದರಿಂದ ಕೃತ್ಯ ನಡೆದು ಒಂದು ವರ್ಷ ಕಳೆದರೆ ನ್ಯಾಯಾಲಯ ಸಾಮಾನ್ಯವಾಗಿ ಪ್ರಕರಣ ಕೈಗೆತ್ತಿಕೊಳ್ಳುವುದಿಲ್ಲ. ಠಾಣೆಗೆ ಅಲೆಯುವುದರಲ್ಲೇ ಎಂಟು ಹತ್ತು ತಿಂಗಳು ಜಾರಿಹೋಗುತ್ತದೆ.

ಅಪಾಯಗಳನ್ನೂ ಹೇಳಬೇಕು. ವಿಚಾರಣೆ ಎಳೆಯುತ್ತದೆ, ಪ್ರತಿ ವಾಯಿದೆಗೆ ರಜೆ ಹಾಕಬೇಕು. ಬ್ರೋಕರ್ ನಿಮ್ಮ ಪರ ಹೇಳುವುದು ಅಪರೂಪ, ಅವನ ಹೊಟ್ಟೆಪಾಡು ಓನರ್‌ಗಳ ಕೈಯಲ್ಲಿದೆ. ‘ಗಲಾಟೆ ಮಾಡುವ ಪಾರ್ಟಿ’ ಎಂಬ ಮಾತು ಬ್ರೋಕರ್‌ಗಳ ನಡುವೆ ಹರಡಬಹುದು. ಆದ್ದರಿಂದ ಬೇರೆ ಮನೆ ಸಿಕ್ಕಿ, ಕರಾರು ಆದ ಮೇಲೆ ದೂರು ಕೊಡುವುದು ಜಾಣತನ. ನೊಂದವನಾಗಿ ದೂರು ಕೊಟ್ಟದ್ದಕ್ಕೆ ನೌಕರಿಗೆ ತೊಂದರೆಯಾಗುವಂಥದ್ದೇನೂ ಇಲ್ಲ. ಎಫ್‌ಐಆರ್ ಆದಮೇಲೆ ‘ಹೋಗಲಿ ಬಿಡಿ’ ಎಂದು ಠಾಣೆಯಲ್ಲಿ ರಾಜಿಯಾಗುವ ಅಪರಾಧ ಇದಲ್ಲ. ಮನಸ್ಸು ಗಟ್ಟಿಯಾಗದೆ ಆ ಮೆಟ್ಟಿಲು ಹತ್ತಬೇಡಿ. ಸಾಕ್ಷ್ಯವನ್ನಷ್ಟೇ ಕೂಡಿಟ್ಟು, ದೂರು ಬೇಡ ಎಂದು ನಿರ್ಧರಿಸಿದರೆ ಅದೂ ತಪ್ಪಲ್ಲ.

ಸುಳ್ಳು ಹೇಳಬೇಕೇ? ನನ್ನ ಅಭಿಪ್ರಾಯದಲ್ಲಿ ಬೇಡ. ಕಾರಣ ನೀತಿಯಲ್ಲ, ಲೆಕ್ಕ. ತಿಂಗಳಿಗೊಮ್ಮೆ ನೆಂಟರು ಬರುತ್ತಾರೆ, ಮಗಳು ಶಾಲೆಯಲ್ಲಿ ಏನೋ ಹೇಳುತ್ತಾಳೆ, ಯಾವುದೋ ಅಂಚೆ ಲಕೋಟೆ ಓನರ್ ಕೈಗೆ ಸಿಗುತ್ತದೆ. 11 ತಿಂಗಳು ಮನೆಮಂದಿಯೆಲ್ಲ ನಾಲಿಗೆ ಬಿಗಿಹಿಡಿದು ಬದುಕಬೇಕು. ಹೆಂಡತಿ, ಮಗಳ ಮೇಲೆ ಅದರ ಭಾರ ನಿಮಗಿಂತ ಹೆಚ್ಚು. ಗೊತ್ತಾದ ದಿನ ‘ಮೋಸ ಮಾಡಿದರು’ ಎಂಬ ಮಾತೂ ಅವರಿಗೆ ಸಿಗುತ್ತದೆ, ಕೇಸಿದ್ದರೆ ನಿಮ್ಮ ಸಾಕ್ಷ್ಯವೂ ಮಂಕಾಗುತ್ತದೆ. ಆದರೆ ಸುಳ್ಳು ಹೇಳದಿರುವುದಕ್ಕೂ ಎಲ್ಲವನ್ನೂ ಹೇಳುವುದಕ್ಕೂ ನಡುವೆ ಜಾಗ ಇದೆ. ಆಧಾರ್‌ನಲ್ಲಿ ಜಾತಿಯ ಕಲಮೇ ಇಲ್ಲ. ಬಾಡಿಗೆ ಕರಾರಿಗೆ ಬೇಕಾದ್ದು ಹೆಸರು, ವಿಳಾಸ, ಗುರುತಿನ ಚೀಟಿ. ಯಾವ ಪೈಕಿ ಎಂದು ಕೇಳಿದಾಗ ‘ಬ್ಯಾಂಕಿನಲ್ಲಿದ್ದೀನಿ ಸಾರ್, ಸಂಬಳದ ಚೀಟಿ, ಹಿಂದಿನ ಓನರ್ ನಂಬರು ಕೊಡ್ತೀನಿ, ಬೇರೇನು ಬೇಕು ಮೆಸೇಜ್ ಹಾಕಿ’ ಎಂದುಬಿಡಿ. ಬಾಯಲ್ಲಿ ಕೇಳುವುದನ್ನು ಬರೆದು ಕೇಳಲು ಹೆಚ್ಚಿನವರು ಹಿಂಜರಿಯುತ್ತಾರೆ. ಬರೆದೇ ಕೇಳಿದರೆ ನಿಮಗೆ ದಾಖಲೆ ಸಿಕ್ಕಿತು. ಟೋಕನ್ ಕೊಡುವ ಮೊದಲು ‘ಇಂಥ ಮನೆ, ಇಷ್ಟು ಬಾಡಿಗೆ, ಇಂಥ ತಾರೀಖಿನಿಂದ, ಟೋಕನ್ ಇಷ್ಟು’ ಎಂದು ಸಂದೇಶ ಕಳಿಸಿ, ‘ಓಕೆ’ ಬಂದ ಮೇಲೆ ಹಣ ಹಾಕಿ.

ಒಬ್ಬರಿಂದ ಆಗದ ಒಂದು ಕೆಲಸ ಇದೆ, ನಿಮ್ಮ ನೌಕರರ ಸಂಘದಿಂದ ಆಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ನಿರಾಕರಣೆಗಳನ್ನು ಬರೆಯುತ್ತ ಹೋಗಿ: ತಾರೀಖು, ಬಡಾವಣೆ, ಬ್ರೋಕರ್, ಕೊಟ್ಟ ಕಾರಣ, ಆ ಮನೆ ಆಮೇಲೆ ಎಷ್ಟು ದಿನ ಖಾಲಿ ಇತ್ತು. ಮುಸ್ಲಿಂ ಸಹೋದ್ಯೋಗಿಯದೂ ಅದರಲ್ಲಿರಲಿ. ಕಾನೂನು ಇಲ್ಲದವರ ಲೆಕ್ಕವೇ ಕಾನೂನು ಕೇಳಲು ಬೇಕಾಗುವುದು. ದೌರ್ಜನ್ಯ ತಡೆ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಸಭೆಗೆ ಮುಂಚೆಯೇ ಲಿಖಿತವಾಗಿ ಕೊಟ್ಟರೆ ವಿಷಯ ಕಾರ್ಯಸೂಚಿಗೆ ಬರುತ್ತದೆ, ನಡಾವಳಿಯಲ್ಲಿ ಉಳಿಯುತ್ತದೆ. ಒಂದೇ ಬ್ರೋಕರ್ ಹೆಸರು ನಾಲ್ಕೈದು ಸಲ ಬಂದಿದ್ದರೆ, ಬಹಿಷ್ಕಾರದ ಕಲಂಗೆ ಬೇಕಾದ ಸಾಕ್ಷ್ಯ ಅಲ್ಲೇ ಸಿಗುತ್ತದೆ.

ಸದ್ಯಕ್ಕೆ ತುರ್ತಿನದು ಬೋರ್ಡು. ಅದು ಇಳಿದು ಬೇರೆ ಬಾಡಿಗೆದಾರರು ಬಂದರೆ, ಬಂದವರು ಅಳಿಯನೋ ಅಲ್ಲವೋ ಎಂದು ಅಕ್ಕಪಕ್ಕದವರನ್ನು ಕೇಳುತ್ತಾ ತಿರುಗಬೇಕಾಗುತ್ತದೆ. ಇವತ್ತು ಸಂಜೆ ಡ್ಯೂಟಿ ಮುಗಿಸಿ ಬರುವಾಗ ಗೇಟು ಸೇರಿಸಿ ಒಂದು ಫೋಟೊ ತೆಗೆಯಿರಿ. ಗೆಳೆಯನ ಫೋನು ನಾಳೆಯೇ ಆಗಲಿ. ಟೋಕನ್ ಕೇಳುವ ಮೆಸೇಜನ್ನು ಅದಾದ ಮೇಲೆ ಕಳಿಸಿ. ಮೊದಲೇ ಕಳಿಸಿದರೆ ಓನರ್ ಎಚ್ಚೆತ್ತು ಬೋರ್ಡು ಇಳಿಸಿಬಿಡಬಹುದು.